ಹಿಸ್ಟರಿ ಟಿಕೆಟ್ ಓದುವವರು ಯಾರು?

1894ರ ಬಂದೀಖಾನೆ ಕಾಯ್ದೆಯ ಮೂರನೇ ಸೆಕ್ಷನ್ ಪದಗಳ ಅರ್ಥ ಹೇಳುವ ಸೆಕ್ಷನ್. ಅಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಪದಗಳು ಕುತೂಹಲ ಹುಟ್ಟಿಸುತ್ತವೆ. ಒಂದು ‘ರೆಮಿಷನ್ ಪದ್ಧತಿ’: ಕೈದಿಗೆ ಅಂಕ ಕೊಟ್ಟು, ಆ ಅಂಕಗಳ ಲೆಕ್ಕದಲ್ಲಿ ಶಿಕ್ಷೆಯ ಅವಧಿಯನ್ನು ಇಳಿಸುವ ನಿಯಮಗಳು. ಇನ್ನೊಂದು ‘ಹಿಸ್ಟರಿ ಟಿಕೆಟ್’: ಪ್ರತಿ ಕೈದಿಯ ಬಗ್ಗೆ ಕಾಯ್ದೆ ಕೇಳುವ ವಿವರಗಳನ್ನು ತೋರಿಸುವ ಚೀಟಿ. ಶಾಲೆಯ ಮಾತಿನಂತಿರುವ ‘ಅಂಕ’ಕ್ಕೆ ಜೈಲಿನಲ್ಲೇನು ಕೆಲಸ? ಕೈದಿಯ ಹಿಸ್ಟರಿಯನ್ನು ಬರೆದಿಡುವುದೇನೋ ಸರಿ, ಅದನ್ನು ಓದುವವರು ಯಾರು?

ಇಂದು ಅಮೆರಿಕದ ಜೈಲುಗಳಲ್ಲಿ ಇದಕ್ಕೆಂದೇ ಕೇಸ್ ಮ್ಯಾನೇಜರ್ ಎಂಬ ಹುದ್ದೆಯಿದೆ. ಕೈದಿಯ ಕಡತ ನೋಡಿಕೊಳ್ಳುವುದು, ಅವನಿಗೆ ಯಾವ ಓದು, ಯಾವ ಕೆಲಸ, ಯಾವ ಚಿಕಿತ್ಸೆ ಬೇಕೆಂದು ಗೊತ್ತುಮಾಡುವುದು, ಹೊರಹೋಗುವ ದಿನಕ್ಕೆ ಅವನನ್ನು ಸಿದ್ಧಪಡಿಸುವುದು ಆ ಹುದ್ದೆಯ ಕೆಲಸ. ನಮ್ಮಲ್ಲಿ ಈ ಕೆಲಸ ಕಲ್ಯಾಣಾಧಿಕಾರಿ, ಪ್ರೊಬೇಷನ್ ಅಧಿಕಾರಿ, ಕಾನೂನು ನೆರವಿನ ವಕೀಲರ ನಡುವೆ ಹಂಚಿಹೋಗಿದೆ. ಹುದ್ದೆಯ ಹೆಸರು ಹೊಸದು, ಅದರ ಹಿಂದಿನ ಪ್ರಶ್ನೆ ಹಳೆಯದು.

ಅಂಕಗಳ ಕಥೆ ಹೇಳುವವರು ಸಾಮಾನ್ಯವಾಗಿ ನಾರ್ಫೋಕ್ ದ್ವೀಪದಿಂದ ಶುರುಮಾಡುತ್ತಾರೆ. ಆಸ್ಟ್ರೇಲಿಯಾದ ಪೂರ್ವಕ್ಕೆ ಸುಮಾರು 1,400 ಕಿಲೋಮೀಟರ್ ದೂರದಲ್ಲಿ ಸಮುದ್ರದ ನಡುವೆ ಇರುವ ಈ ದ್ವೀಪವು ಬ್ರಿಟಿಷರ ಗಡೀಪಾರು ಶಿಕ್ಷೆಯ ಅತಿ ಕ್ರೂರ ಜಾಗಗಳಲ್ಲಿ ಒಂದಾಗಿತ್ತು. 1840ರಲ್ಲಿ ಅಲೆಕ್ಸಾಂಡರ್ ಮೆಕಾನಕಿ ಎಂಬ ಸ್ಕಾಟಿಷ್ ನೌಕಾಧಿಕಾರಿ ಅದರ ಮೇಲಧಿಕಾರಿಯಾಗಿ ಬಂದ. ನೆಪೋಲಿಯನ್ ಕಾಲದ ಯುದ್ಧದಲ್ಲಿ ಫ್ರೆಂಚರ ಕೈಗೆ ಸಿಕ್ಕಿ ತಾನೇ ಸೆರೆಯಲ್ಲಿದ್ದವನು ಆತ. ಶಿಕ್ಷೆಯನ್ನು ವರ್ಷಗಳಲ್ಲಿ ಅಳೆಯಬಾರದು, ಅಂಕಗಳಲ್ಲಿ ಅಳೆಯಬೇಕು ಎಂಬುದು ಅವನ ವಾದ. ಕೈದಿ ದುಡಿಮೆಯಿಂದ, ಸನ್ನಡತೆಯಿಂದ ಇಷ್ಟು ಅಂಕ ಗಳಿಸಿದರೆ ಬಿಡುಗಡೆ. ಹಾಗಾದರೆ ಬೀಗದ ಕೈ ಒಂದಿಷ್ಟಾದರೂ ಕೈದಿಯ ಬಳಿಯೇ ಇರುತ್ತದೆ. ಆದರೆ ಲೆಕ್ಕ ಬರೆಯುವುದಷ್ಟೇ ಅವನ ಕೈಯಲ್ಲಿತ್ತು. ಬಿಡುಗಡೆಯ ಕೊನೆಯ ಮಾತು ಸಿಡ್ನಿಯದು, ಲಂಡನ್ನಿನದು. 1844ರಲ್ಲಿ ಅವನನ್ನು ಅಲ್ಲಿಂದ ವಾಪಸ್ ಕರೆಸಿಕೊಂಡರು.

ಹತ್ತು ವರ್ಷದ ನಂತರ ಐರ್ಲೆಂಡಿನ ಜೈಲುಗಳ ಹೊಣೆ ಹೊತ್ತ ವಾಲ್ಟರ್ ಕ್ರಾಫ್ಟನ್ ಅಂಕಗಳನ್ನು ಉಳಿಸಿಕೊಂಡು ಇನ್ನೊಂದು ಹೆಜ್ಜೆ ಮುಂದೆ ಹೋದ. ಒಳ್ಳೆಯ ಅಂಕ ಪಡೆದವನು ಗೇಟು ದಾಟಿದ ಮೇಲೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರವಾಗಿ ಬಂದವನು ಜೇಮ್ಸ್ ಆರ್ಗನ್. ಡಬ್ಲಿನ್ನಿನ ಜೈಲಿನಲ್ಲಿ ಕೈದಿಗಳಿಗೆ ಪಾಠ ಹೇಳುತ್ತಿದ್ದ ಈ ಮೇಷ್ಟ್ರು ಬಿಡುಗಡೆಯಾದವರ ಇನ್‌ಸ್ಪೆಕ್ಟರ್ ಆದ. ಅವರಿಗೆ ಕೆಲಸ ಹುಡುಕಿಕೊಡುವುದು, ಕೆಲಸ ಕೊಟ್ಟ ಧಣಿಗಳನ್ನು ಕಂಡು ಮಾತಾಡಿಸುವುದು, ಮನೆಗೆ ಹೋಗಿ ವಿಚಾರಿಸುವುದು ಅವನ ದಿನಚರಿ. ಡಬ್ಲಿನ್ನಿನ ಹೊರಗಿನ ಊರುಗಳಲ್ಲಿ ಇದೇ ಕೆಲಸ ಪೊಲೀಸರದಾಗಿತ್ತು. ಒಂದೇ ಕಾನೂನಿನಡಿ ಬಿಡುಗಡೆಯಾದ ಇಬ್ಬರಲ್ಲಿ ಒಬ್ಬನ ಬಾಗಿಲಿಗೆ ಮೇಷ್ಟ್ರು ಬರುತ್ತಿದ್ದರು, ಇನ್ನೊಬ್ಬನ ಬಾಗಿಲಿಗೆ ಪೊಲೀಸ್. ಕೇಸ್ ಮ್ಯಾನೇಜರನ ಪೂರ್ವಜ ಯಾರು ಎಂದರೆ ನಾನು ಆರ್ಗನ್‌ನ ಹೆಸರನ್ನೇ ಹೇಳುತ್ತೇನೆ.

ಆದರೆ ಇದನ್ನು ಕರುಣೆಯ ಕಥೆಯೆಂದಷ್ಟೇ ಓದುವಂತಿಲ್ಲ. 1876ರಲ್ಲಿ ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಸುಧಾರಣಾ ಜೈಲೊಂದು ಶುರುವಾಯಿತು. ಅಧೀಕ್ಷಕ ಝೆಬುಲನ್ ಬ್ರಾಕ್‌ವೇ. ಹೊಸದಾಗಿ ಬಂದ ತರುಣರನ್ನು ಆತ ತಾನೇ ಮಾತಾಡಿಸಿ, ಅವರ ಹಿನ್ನೆಲೆಯನ್ನು ದೊಡ್ಡ ಪುಸ್ತಕಗಳಲ್ಲಿ ಬರೆಸುತ್ತಿದ್ದ. ಶಿಕ್ಷೆಗೆ ಗರಿಷ್ಠ ಅವಧಿಯೊಂದಿತ್ತು, ಅದಕ್ಕೂ ಮೊದಲು ಯಾವಾಗ ಬಿಡುವುದೆಂಬುದು ಅಂಕಗಳನ್ನು ನೋಡಿ ಜೈಲಿನವರೇ ತೀರ್ಮಾನಿಸುವ ಮಾತಾಗಿತ್ತು. ಜಗತ್ತು ಇದನ್ನು ಮಾದರಿ ಎಂದು ಹೊಗಳಿತು. 1893–94ರ ತನಿಖೆಯಲ್ಲಿ ಅಲ್ಲಿನ ಕ್ರೂರ ಹೊಡೆತಗಳ ಸಂಗತಿ ಹೊರಬಿತ್ತು. ಆದರೂ ಬ್ರಾಕ್‌ವೇ 1900ರವರೆಗೆ ಅಲ್ಲೇ ಉಳಿದ. ಬರೆಯುವವನೂ, ಓದುವವನೂ, ಹೊಡೆಯುವವನೂ ಒಬ್ಬನೇ ಆದಾಗ ಕಡತವು ಕೈದಿಯ ಪರವಾಗಿ ಮಾತಾಡುವುದಿಲ್ಲ. ನಾರ್ಫೋಕ್‌ನಲ್ಲಿ ಬೀಗದ ಕೈ ಆಗಲೆಂದು ಹುಟ್ಟಿದ ಅಂಕ ಎಲ್ಮೈರಾದಲ್ಲಿ ಬೀಗವೇ ಆಯಿತು.

ಎಲ್ಮೈರಾದ ತನಿಖೆ ನಡೆಯುತ್ತಿದ್ದ ಕಾಲದಲ್ಲೇ ನಮ್ಮ ಕಾಯ್ದೆ ಬಂತು. ಅಂಕವೂ ಚೀಟಿಯೂ ಅದರಲ್ಲಿದ್ದವು. ನಮ್ಮ ತೊಂದರೆ ಮಾತ್ರ ಬೇರೆ: ಇಲ್ಲಿ ಕಾಗದ ಓದುವವರೇ ಇರಲಿಲ್ಲ. 1979ರಲ್ಲಿ ಪತ್ರಿಕಾ ವರದಿಗಳ ಆಧಾರದ ಮೇಲೆ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಅವರು ಬಿಹಾರದ ಕೈದಿಗಳ ಪರ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಹುಸೇನಾರಾ ಖಾತೂನ್ ಪ್ರಕರಣ. ಅಪರಾಧ ಸಾಬೀತಾದರೆ ಎಷ್ಟು ವರ್ಷ ಶಿಕ್ಷೆಯಾಗುತ್ತಿತ್ತೋ ಅದಕ್ಕಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದವರು ಅವರಲ್ಲಿದ್ದರು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠವು ತ್ವರಿತ ವಿಚಾರಣೆಯನ್ನು ಮೂಲಭೂತ ಹಕ್ಕೆಂದು ಸಾರಿತು. ಜೊತೆಗೆ ಸರ್ಕಾರದಿಂದ ಒಂದು ಪಟ್ಟಿಯನ್ನೂ ಕೇಳಿತು: ಯಾವ ವರ್ಷದಿಂದ ಎಷ್ಟು ಜನ ಒಳಗಿದ್ದಾರೆ? ದಿನಗಳನ್ನು ಎಣಿಸುವಂತೆ ದೇಶದ ಅತ್ಯುನ್ನತ ನ್ಯಾಯಾಲಯವೇ ಹೇಳಬೇಕಾಯಿತು.

ಆ ಎಣಿಕೆ ಇನ್ನೂ ಮುಗಿದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್, ಕೆಲವು ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದವರಿಗೆ ಜಾಮೀನಿನ ದಾರಿ ತೆರೆದಿದೆ. ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಮಾನವಾಗದವರಿಗೆ ಮೂರನೇ ಒಂದು ಭಾಗ ಸಾಕು. ಅವಧಿ ತುಂಬಿದ ಕೂಡಲೇ ನ್ಯಾಯಾಲಯಕ್ಕೆ ಅರ್ಜಿ ಬರೆಯುವ ಹೊಣೆಯನ್ನು ಅದು ಜೈಲಿನ ಅಧೀಕ್ಷಕರ ಮೇಲೆ ಹೊರಿಸಿದೆ. ಅವಧಿ ತುಂಬುವ ದಿನ ತಾನಾಗಿಯೇ ಗಂಟೆ ಬಾರಿಸುವುದಿಲ್ಲವಲ್ಲ. ಕಡತ ತೆರೆದು, ಒಳಗೆ ಬಂದ ದಿನಾಂಕ ನೋಡಿ, ಸೆಕ್ಷನ್ ನೋಡಿ, ಲೆಕ್ಕಹಾಕುವ ಒಬ್ಬ ಮನುಷ್ಯ ಬೇಕು.

ಜೈಲಿನ ಇತಿಹಾಸವನ್ನು ನಾವು ಗೋಡೆಗಳ, ಚಾಟಿಗಳ, ಗಲ್ಲುಗಂಬಗಳ ಇತಿಹಾಸವಾಗಿ ಓದುವುದೇ ಹೆಚ್ಚು. ಮೇಜಿನ ಮುಂದೆ ಕೂತ ಗುಮಾಸ್ತ, ಮನೆಮನೆ ಸುತ್ತಿದ ಮೇಷ್ಟ್ರು ಅದರಲ್ಲಿ ಅಡಿಟಿಪ್ಪಣಿಯಾಗಿ ಉಳಿದಿದ್ದಾರೆ. ಆದರೆ ಅವಧಿ ಮೀರಿ ಒಳಗಿರುವವನಿಗೂ ಅವನ ಮನೆಗೂ ನಡುವೆ ಇರುವುದು ಎಷ್ಟೋ ಸಲ ಗೋಡೆಯಲ್ಲ, ಯಾರೂ ತೆರೆಯದ ಒಂದು ಕಡತ.