ಗಂಧದ ಸಾಬೂನಿನ ಬರಿಯ ಪೆಟ್ಟಿಗೆ

ಮೈಸೂರಿನ ಹಳೆಯ ಮನೆಗಳಲ್ಲಿ ರೇಷ್ಮೆಯ ಸೀರೆಗಳನ್ನಿಟ್ಟ ಟ್ರಂಕನ್ನು ತೆರೆದರೆ, ಮಡಿಕೆಗಳ ನಡುವೆ ಗಂಧದ ಸಾಬೂನಿನ ಬರಿಯ ಪೆಟ್ಟಿಗೆಯೊಂದು ದೊರೆಯುವುದುಂಟು. ಒಳಗಿದ್ದ ಸಾಬೂನು ಕರಗಿ ಎಷ್ಟೋ ಕಾಲವಾಗಿದ್ದರೂ ಅದನ್ನು ಬಿಸಾಡಲು ಗೃಹಿಣಿಯರಿಗೆ ಮನಸ್ಸು ಬಾರದು. ಇದನ್ನು ಜಿಪುಣತನವೆಂದು ನಗುವವರು ಆ ಪೆಟ್ಟಿಗೆಯ ಪೂರ್ವೋತ್ತರವನ್ನು ಸ್ವಲ್ಪ ವಿಚಾರಿಸಬೇಕು.

1914ರಲ್ಲಿ ಯೂರೋಪಿನ ಮಹಾಯುದ್ಧವು ಮೊದಲಾಗಲು, ಮೈಸೂರು ಸೀಮೆಯ ಶ್ರೀಗಂಧಕ್ಕೆ ದೊಡ್ಡ ಗಿರಾಕಿಯಾಗಿದ್ದ ಜರ್ಮನಿಯ ವ್ಯಾಪಾರವು ನಿಂತುಹೋಯಿತು. ಕೊರಡುಗಳು ಕೊಳ್ಳುವವರಿಲ್ಲದೆ ಉಗ್ರಾಣಗಳಲ್ಲಿ ಬಿದ್ದುವು. ಆಗ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆ, ದಿವಾನಗಿರಿಯು ವಿಶ್ವೇಶ್ವರಯ್ಯನವರದು. ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ, ವಾಟ್ಸನ್ ಎಂಬ ಆಚಾರ್ಯರ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯನ್ನು ಇಳಿಸಿದರು. ಮರುವರ್ಷ ಮೈಸೂರು ನಗರದಲ್ಲಿಯೂ ಎಣ್ಣೆಯ ಕಾರ್ಖಾನೆ ಏರ್ಪಟ್ಟಿತು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಸಾಬೂನು ಕಾರ್ಖಾನೆ.

ಸಾಬೂನನ್ನು ರೂಪಿಸಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಇಂಗ್ಲೆಂಡಿನಲ್ಲಿ ಕಲಿತು ಬಂದ ಇವರನ್ನು ಜನರು ‘ಸೋಪು ಶಾಸ್ತ್ರಿ’ಗಳೆಂದೇ ಕರೆದರು. ಅವರ ರಸಾಯನವಿದ್ಯೆಯನ್ನು ಎಲ್ಲರೂ ಹೊಗಳಿದ್ದಾರೆ. ನನಗೆ ಅದಕ್ಕಿಂತ ಸೋಜಿಗವಾಗಿ ತೋರುವುದು ಅವರ ಲೋಕಜ್ಞಾನ. ಬಿಲ್ಲೆಗೆ ಅಂಡಾಕಾರವನ್ನು ಕೊಟ್ಟು, ಆಭರಣದಂಗಡಿಯವರು ಒಡವೆಯನ್ನು ಸುತ್ತುವಂತೆ ತೆಳ್ಳನೆಯ ಬಿಳಿಯ ಕಾಗದದಲ್ಲಿ ಸುತ್ತಿ, ಒಡವೆಯ ಭರಣಿಯನ್ನು ಹೋಲುವ ಪೆಟ್ಟಿಗೆಯಲ್ಲಿರಿಸಿದರು. ಗುರುತಾಗಿ ಸಿಂಹದ ಮೈಗೆ ಆನೆಯ ತಲೆಯುಳ್ಳ ಶರಭವನ್ನು ಆರಿಸಿದರು.

ಪ್ರಚಾರಕ್ಕೆ ಬೇರೆ ಉಪಾಯಗಳೂ ಇಲ್ಲದಿರಲಿಲ್ಲ. ಟ್ರಾಮಿನ ಚೀಟಿಗಳ ಮೇಲೆಯೂ ಬೆಂಕಿಪೆಟ್ಟಿಗೆಗಳ ಮೇಲೆಯೂ ಸಾಬೂನಿನ ಚಿತ್ರ ಬಂದಿತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೇ ನಡೆಯಿತು. ಆದರೆ ಟ್ರಾಮಿನ ಚೀಟಿ ಇಳಿಯುವವರೆಗೆ, ಮೆರವಣಿಗೆ ಬೀದಿಯ ಕೊನೆಯವರೆಗೆ. ಪೆಟ್ಟಿಗೆಯಾದರೋ ಮನೆಯೊಳಗೆ ವರ್ಷಗಟ್ಟಲೆ ಉಳಿಯಿತು.

ಡಬ್ಬಗಳನ್ನು ಮರಳಿ ಬಳಸುವುದು ನಮ್ಮವರಿಗೆ ಹೊಸತಲ್ಲ. ಸೀಮೆಎಣ್ಣೆಯ ಡಬ್ಬದಲ್ಲಿ ನೀರು ಹೊತ್ತದ್ದನ್ನು, ಅಕ್ಕಿ ತುಂಬಿದ್ದನ್ನು ಹಿರಿಯರು ಬಲ್ಲರು. ಆದರೆ ಅದು ಕಂಪೆನಿಯವರು ಯೋಚಿಸಿ ಮಾಡಿದ್ದಲ್ಲ. ಅಮೆರಿಕೆಯ ಹಿಟ್ಟಿನ ಗಿರಣಿಯವರು ಈ ವಿಷಯದಲ್ಲಿ ಚತುರರು: ಬಡ ಹೆಂಗಸರು ಚೀಲದ ಬಟ್ಟೆಯಿಂದ ಮಕ್ಕಳಿಗೆ ಅಂಗಿ ಹೊಲಿಯುವುದನ್ನು ಕಂಡು, 1920 ಮತ್ತು 1930ರ ದಶಕಗಳಲ್ಲಿ ಚೀಲಗಳ ಮೇಲೆ ಹೂಬಳ್ಳಿಗಳನ್ನು ಅಚ್ಚುಹಾಕಿಸಿದರು, ತಮ್ಮ ಹೆಸರನ್ನು ಮಾತ್ರ ಒಗೆದರೆ ಹೋಗುವ ಮಸಿಯಲ್ಲಿ ಮುದ್ರಿಸಿದರು. ನಮ್ಮಲ್ಲಿ ಹೆಸರೂ ಉಳಿಯಿತು, ಪರಿಮಳವೂ ಉಳಿಯಿತು. ಭರಣಿಯಂತೆ ಕಾಣುವ ಹಾಗೆ ಮಾಡಿದವರು ಶಾಸ್ತ್ರಿಗಳು. ಅದನ್ನು ನಿಜವಾಗಿಯೂ ಭರಣಿಯಾಗಿ ಮಾಡಿಕೊಂಡು, ಕೂಲಿಯಿಲ್ಲದೆ ಕಾರ್ಖಾನೆಯ ಹೆಸರನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರು ಈ ಹೆಂಗಸರು. ಕಾರ್ಖಾನೆಯ ಕೀರ್ತಿಯನ್ನು ಹೇಳುವಾಗ ಮಹಾರಾಜರು, ದಿವಾನರು, ಶಾಸ್ತ್ರಿಗಳು ಇವರೊಡನೆ ಇವರನ್ನೂ ನೆನೆಯುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ನಮ್ಮ ಅಜ್ಜಿಯವರ ಪೆಟ್ಟಿಗೆಯೊಂದು ನನ್ನ ಬಳಿಯಿದೆ. ಅದರಲ್ಲಿ ಮೂಗುತಿಯ ತಿರುಪೊಂದು, ಯಾವ ಬೀಗದವೋ ತಿಳಿಯದ ಎರಡು ಕೀಲಿಕೈಗಳು, ಒಂದು ಹಿಡಿ ಗುಂಡಿಗಳು. ಶರಭದ ಸೊಂಡಿಲು ಸವೆದುಹೋಗಿದೆ. ಹೆಸರನ್ನು ಈಗಲೂ ಓದಬಹುದು.