ದೋಣಿ ಮಗುಚುವ ಲೆಕ್ಕ

ಕನೂ ಕೊಳ್ಳಲು ಹೋದವರೆಲ್ಲ ಅಂಗಡಿಯಲ್ಲಿ ಮೊದಲು ಕೇಳುವುದು ಒಂದೇ: "ಇದು ಮಗುಚುತ್ತಾ?" ಸಣ್ಣ ಪ್ರಶ್ನೆ ಅನ್ನಬೇಡಿ, ಇದಕ್ಕೆ ಉತ್ತರ ಗೊತ್ತಿಲ್ಲದೆ ರಾಜರ ಹಡಗುಗಳೇ ಮುಳುಗಿವೆ.

1628ರ ಆಗಸ್ಟ್ 10ರಂದು ಸ್ವೀಡನ್ನಿನ ಹೊಸ ಯುದ್ಧನೌಕೆ 'ವಾಸಾ' ಸ್ಟಾಕ್‌ಹೋಮಿನಿಂದ ಹೊರಟು ಒಂದೂವರೆ ಕಿಲೋಮೀಟರೂ ಹೋಗದೆ ಗಾಳಿಗೆ ವಾಲಿ ಮುಳುಗಿತು. ಅದಕ್ಕೆ ಮುಂಚೆ 30 ಜನರನ್ನು ಡೆಕ್ಕಿನ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿ ಪರೀಕ್ಷೆ ಮಾಡಿದ್ದರು. ಮೂರೇ ಓಟಕ್ಕೆ ಹಡಗು ಹೊಯ್ದಾಡಿದ್ದು ಕಂಡು ಪರೀಕ್ಷೆ ನಿಲ್ಲಿಸಿದರು, ಹಡಗನ್ನಲ್ಲ! ಅಪಾಯ ಕಣ್ಣಿಗೆ ಕಂಡಿತ್ತು, ಅಳೆಯುವ ಲೆಕ್ಕ ಇರಲಿಲ್ಲ.

ಆ ಲೆಕ್ಕ ಕೊಟ್ಟವನು ಫ್ರಾನ್ಸಿನ ಪಿಯೆರ್ ಬೂಗೇ, 1746ರಲ್ಲಿ. ದೋಣಿ ವಾಲಿದಾಗ ನೀರು ಮೇಲಕ್ಕೆ ಒತ್ತುವ ಜಾಗವೂ ವಾಲಿದ ಕಡೆಗೇ ಸರಿಯುತ್ತದೆ. ಆ ಒತ್ತುವ ಗೆರೆ ದೋಣಿಯ ನಡುಗೆರೆಯನ್ನು ಕೂಡುವ ಬಿಂದುವೇ ಮೆಟಾಸೆಂಟರ್. ಅದು ಭಾರದ ಕೇಂದ್ರಕ್ಕಿಂತ ಮೇಲಿದ್ದರೆ ದೋಣಿ ತಾನೇ ನೆಟ್ಟಗಾಗುತ್ತದೆ, ಕೆಳಗಿದ್ದರೆ ಇನ್ನಷ್ಟು ವಾಲುತ್ತದೆ.

ಅಗಲ ಹೆಚ್ಚಾದರೆ ಈ ಬಿಂದು ಮೇಲೇರುತ್ತದೆ. ನಮ್ಮ ತುಂಗಭದ್ರೆಯ ಹರಿಗೋಲು ನೋಡಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಚರ್ಮ ಹೊದಿಸಿದ ಈ ಬುಟ್ಟಿದೋಣಿಗಳಲ್ಲಿ 15-20 ಜನ ಹೋಗಬಹುದೆಂದು ಬರೆದಿದ್ದಾನೆ. ಜೊತೆಗೇ, ಇವು ನೆಟ್ಟಗೆ ಸಾಗದೆ ಸುತ್ತುತ್ತಲೇ ಇರುತ್ತವೆ ಅಂತಲೂ ಬರೆದಿದ್ದಾನೆ. ಸ್ಥಿರತೆಗೂ ಒಂದು ಬೆಲೆ ಇದೆ! 1865ರಲ್ಲಿ ಯುರೋಪಿನ ನದಿಗಳನ್ನು ಸುತ್ತಿದ ಲಂಡನ್ನಿನ ವಕೀಲ ಜಾನ್ ಮ್ಯಾಕ್‌ಗ್ರೆಗರನ 'ರಾಬ್ ರಾಯ್' ಕನೂ 15 ಅಡಿ ಉದ್ದ, ಅಗಲ ಬರೀ 28 ಅಂಗುಲ. ಆತ ತಳಕ್ಕೆ ತಾಗಿ ಕೂರುತ್ತಿದ್ದ. ಗುಟ್ಟು ಅಲ್ಲೇ ಇದೆ. ಹಡಗಿನ ಹಾಗಲ್ಲ, ಕನೂವಿನಲ್ಲಿ ದೋಣಿಗಿಂತ ಕೂತವರ ಭಾರವೇ ಹೆಚ್ಚು.

ಅಗಲವಾದ ಚಪ್ಪಟೆ ತಳ ನಿಂತ ನೀರಿನಲ್ಲಿ ಮಣೆಯ ಹಾಗೆ ಕೂರುತ್ತದೆ. ಅಲೆ ಬಂದರೆ ಅಲೆಯ ಇಳಿಜಾರಿಗೇ ವಾಲುತ್ತದೆ, ಮಿತಿ ದಾಟಿದರೆ ತಟ್ಟನೆ ಮಗುಚುತ್ತದೆ. ತುಸು ಕಮಾನಾದ ತಳ ಹತ್ತಿದ ಕೂಡಲೇ ಅಲುಗಾಡಿ ಹೆದರಿಸಿದರೂ ವಾಲಿದಂತೆ ಬಿಗಿಯಾಗುತ್ತದೆ.

ಕೆನಡಾದಲ್ಲಿರುವ ಅಕ್ಕನ ಮಗ ಕನೂ ಕೊಳ್ಳುತ್ತೇನೆ ಮಾವ ಅಂದಾಗ, ಇಬ್ಬರು ಚಿಕ್ಕ ಮಕ್ಕಳನ್ನು ಕೂರಿಸಿಕೊಳ್ಳುವವನಲ್ಲವೇ ಅಂತ ಇಷ್ಟು ಹೇಳಿದೆ: ಅಂಗಡಿಯ ನೆಲದ ಮೇಲೆ ನೋಡಿ ಒಪ್ಪಬೇಡ. ದಡದ ಹತ್ತಿರ, ಮನೆಮಂದಿಯಷ್ಟೇ ಭಾರ ಹಾಕಿ, ವಾಲಿಸಿ ನೋಡು. ಸೀಟು ತಗ್ಗಿರಲಿ, ಅಲೆ ಎದ್ದರೆ ಮಂಡಿಯೂರು. ಲೈಫ್ ಜಾಕೆಟ್ ಎಲ್ಲರಿಗೂ ಇರಲಿ.

ಸಾಲ ಕೊಡುವಾಗ ನಾವೂ ಹೀಗೆಯೇ ಅಲ್ಲವೇ? ಒಳ್ಳೆಯ ವರ್ಷದ ಬ್ಯಾಲೆನ್ಸ್ ಶೀಟ್ ಎಲ್ಲರದ್ದೂ ಚೆನ್ನಾಗಿರುತ್ತದೆ. ನೋಡಬೇಕಾದ್ದು ಕೆಟ್ಟ ವರ್ಷದ್ದು.