ಧಾರಣೆ ಇಳಿದ ಕಾಲ: 1930ರ ದಶಕದ ಮುಗ್ಗಟ್ಟು ಮತ್ತು ತುಮಕೂರು ಸೀಮೆಯ ರೈತ

ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಜನರ ಸಂಕಷ್ಟವೆಂದೊಡನೆ ನಮ್ಮ ನೆನಪಿಗೆ ಬರುವುದು 1876–78ರ ಮಹಾಕ್ಷಾಮ. 1871ರ ಖಾನೇಷುಮಾರಿಯಲ್ಲಿ ಸುಮಾರು 50.5 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41.9 ಲಕ್ಷಕ್ಕೆ ಇಳಿದುದು ಆ ಕ್ಷಾಮದ ಭೀಕರತೆಗೆ ಸಾಕ್ಷಿಯಾಗಿದೆ. ಅದಾದ ಅರ್ಧ ಶತಮಾನದ ಮೇಲೆ, 1929ರ ಅನಂತರ, ಇದೇ ನಾಡಿಗೆ ಬೇರೊಂದು ಬಗೆಯ ಸಂಕಟ ಒದಗಿತು. ಅದಕ್ಕೆ ಕಾರಣ ಮಳೆಯಲ್ಲ, ಧಾರಣೆ. ಹೆಣಗಳ ಲೆಕ್ಕವನ್ನು ಬಿಟ್ಟುಹೋಗದ ಈ ಸಂಕಟವು ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಒಂದೆರಡು ವಾಕ್ಯಗಳಿಗೇ ಮುಗಿದುಹೋಗುತ್ತದೆ. ತುಮಕೂರು, ಗುಬ್ಬಿ, ಕುಣಿಗಲು ಪ್ರದೇಶವನ್ನು ಮುಂದಿಟ್ಟುಕೊಂಡು ಅದರ ಸ್ವರೂಪವನ್ನೂ ಅದು ಜನರ ರಾಜಕೀಯ ಮನೋಭಾವವನ್ನು ಬದಲಿಸಿದ ಬಗೆಯನ್ನೂ ಇಲ್ಲಿ ವಿಚಾರಮಾಡಬಯಸುತ್ತೇವೆ.

ಈ ವಿಷಯವನ್ನು ಬೋಧಿಸುವಾಗ ವಿದ್ಯಾರ್ಥಿಗಳಿಂದ ತಪ್ಪದೆ ಬರುವ ಪ್ರಶ್ನೆಯೊಂದುಂಟು: ರಾಗಿ ಅಗ್ಗವಾದರೆ ಬಡವನಿಗೆ ಅನುಕೂಲವೇ ಅಲ್ಲವೆ? ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಉತ್ತರ ಕಂದಾಯದ ಪದ್ಧತಿಯಲ್ಲಿದೆ. 1863ರಲ್ಲಿ ಆರಂಭವಾದ ಪೈಮಾಯಿಷಿಯ ಮೇರೆಗೆ ಖುಷ್ಕಿ, ತರಿ, ಬಾಗಾಯ್ತು ಎಂಬ ಮೂರು ಬಗೆಯ ಜಮೀನಿಗೂ ಕಂದಾಯವು ರೂಪಾಯಿಗಳಲ್ಲಿ ಗೊತ್ತಾಗಿತ್ತು. ಅದು ಪೇಟೆಯ ಧಾರಣೆಯೊಡನೆ ಏರಿಳಿಯುತ್ತಿರಲಿಲ್ಲ. ಉದಾಹರಣೆಗೆ ಹತ್ತು ರೂಪಾಯಿ ಕಂದಾಯ ತೆರಬೇಕಾದ ರೈತನೊಬ್ಬನನ್ನು ಭಾವಿಸಿಕೊಳ್ಳೋಣ. ರಾಗಿ ಪಲ್ಲಕ್ಕೆ ಹತ್ತು ರೂಪಾಯಿಯಂತೆ ಮಾರಿದರೆ ಒಂದು ಪಲ್ಲದಿಂದ ಅವನ ಋಣ ತೀರುತ್ತದೆ. ಐದಕ್ಕೆ ಇಳಿದರೆ ಎರಡು ಪಲ್ಲ ಬೇಕು. ದಫ್ತರದಲ್ಲಿ ಕಂದಾಯ ಒಂದು ಕಾಸೂ ಹೆಚ್ಚಿಲ್ಲ. ರೈತನ ಕಣದಲ್ಲಿ ಅದು ಇಮ್ಮಡಿಯಾಗಿದೆ. ಧಾರಣೆ ಏರಿದ್ದಾಗ ಮಾಡಿದ ಸಾಲಕ್ಕೂ ಅದರ ಬಡ್ಡಿಗೂ ಇದೇ ಲೆಕ್ಕ ಸಲ್ಲುತ್ತದೆ. ಕಿಸ್ತಿನ ಗಡುವುಗಳು ಒಕ್ಕಣೆಯ ಬೆನ್ನಿಗೇ ಬರುವುದರಿಂದ ಎಲ್ಲರೂ ಒಮ್ಮೆಲೇ ಮಾರಲು ಹೊರಟು ಧಾರಣೆ ಮತ್ತಷ್ಟು ಇಳಿಯುವುದು ಬೇರೆ.

ಇಳಿತ ಎಷ್ಟೆಂಬುದಕ್ಕೆ ಕಲ್ಕತ್ತೆಯ ಸಗಟು ಬೆಲೆಗಳ ಸೂಚ್ಯಂಕವನ್ನು ನೋಡಬಹುದು. 1914ರ ಜುಲೈ ತಿಂಗಳನ್ನು 100 ಎಂದಿಟ್ಟುಕೊಂಡರೆ 1929ರಲ್ಲಿ ಅದು 141, 1931ರಲ್ಲಿ 96, 1933ರಲ್ಲಿ 87. ರೂಪಾಯಿಯನ್ನು ಒಂದು ಷಿಲಿಂಗ್ ಆರು ಪೆನ್ಸಿಗೆ ಬಿಗಿದಿಟ್ಟ ಭಾರತ ಸರ್ಕಾರದ ನೀತಿ ಈ ಇಳಿತವನ್ನು ತೀವ್ರಗೊಳಿಸಿತೆಂದು ಆಗಿನ ವರ್ತಕರೂ ರಾಜಕಾರಣಿಗಳೂ ಆಕ್ಷೇಪಿಸಿದರು. ಆ ನೀತಿಯ ಮೇಲೆ ಮೈಸೂರಿನ ದಿವಾನರಿಗಾಗಲಿ ತುಮಕೂರಿನ ಪ್ರತಿನಿಧಿಗಾಗಲಿ ಯಾವ ಹಿಡಿತವೂ ಇರಲಿಲ್ಲವೆಂಬುದನ್ನು ನಾವು ಮರೆಯಬಾರದು.

ತುಮಕೂರು ಸೀಮೆ ಹೊರಜಗತ್ತಿನ ಸಂಪರ್ಕವಿಲ್ಲದ ರಾಗಿಯ ನಾಡಾಗಿತ್ತೆಂಬ ಭಾವನೆ ಸರಿಯಲ್ಲ. 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಗುಬ್ಬಿಯ ವ್ಯಾಪಾರವನ್ನು ಗಮನಿಸಿ ಬರೆದಿದ್ದಾನೆ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೂ ಗುಬ್ಬಿಗೂ ರೈಲು ಬಂದಮೇಲೆ ಅಡಕೆ, ತೆಂಗು, ಕೊಬ್ಬರಿಗಳ ಸಂಬಂಧ ದೂರದ ಪೇಟೆಗಳೊಡನೆ ಇನ್ನೂ ಗಟ್ಟಿಯಾಯಿತು. ಬಾಗಾಯ್ತಿನ ರೈತನು ಖುಷ್ಕಿಯವನಿಗಿಂತ ಸ್ಥಿತಿವಂತನೆಂಬುದು ರೂಢಿಯ ಮಾತು. ಆದರೆ ಮುಗ್ಗಟ್ಟಿನಲ್ಲಿ ಅವನಿಗೆ ತಿಂದು ಬದುಕುವ ಬೆಳೆ ಇರಲಿಲ್ಲ. ಅಡಕೆಯನ್ನು ಮಾರಲೇಬೇಕು, ಮಾರಲು ಹೋದರೆ ಸಿಂಹಳದಿಂದಲೂ ಮಲಯದಿಂದಲೂ ಬಂದ ಅಡಕೆ ಇಂಡಿಯಾದ ಪೇಟೆಗಳಲ್ಲಿ ಎದುರಾಗುತ್ತಿತ್ತು.

ಕುಣಿಗಲಿನ ಸ್ಥಿತಿ ಬೇರೆ. ಅಲ್ಲಿಗೆ ಆಗ ರೈಲಿರಲಿಲ್ಲ. ಜನಪದ ಹಾಡಿನಿಂದ ಹೆಸರಾದ ದೊಡ್ಡ ಕೆರೆಯ ಕೆಳಗೆ ಬತ್ತ, ಎತ್ತರದ ನೆಲದಲ್ಲಿ ರಾಗಿ, ಅವುಗಳ ಜೊತೆಗೆ ಹಿಪ್ಪುನೇರಳೆ. ಮೈಸೂರು ತಳಿಯ ಬಿತ್ತನೆಗೂಡಿಗೆ ಕುಣಿಗಲು, ಮಾಗಡಿ ಸೀಮೆಗಳು ಪ್ರಸಿದ್ಧವಾದವು. ಹುಳು ಸಾಕುವ ಕೆಲಸದ ಬಹುಭಾಗ ಹೆಂಗಸರದು. ಮನೆಗೆ ಕೈಗಾಸು ಬರುತ್ತಿದ್ದುದೂ ಅದರಿಂದಲೇ. 1931ರ ಡಿಸೆಂಬರಿನಲ್ಲಿ ಜಪಾನು ಚಿನ್ನದ ಪ್ರಮಾಣವನ್ನು ಬಿಟ್ಟು ಯೆನ್ನಿನ ಬೆಲೆ ಕುಸಿದಮೇಲೆ ಅಗ್ಗದ ರೇಷ್ಮೆ ಭಾರತದ ಬಂದರುಗಳಿಗೆ ಬಂದು ಬಿದ್ದಿತು. ಚೀನದ ರೇಷ್ಮೆಯೂ ಕೃತಕ ರೇಷ್ಮೆಯೂ ಅದರೊಡನೆ ಸೇರಿದವು. ಸುಂಕ ಮಂಡಳಿಯ ವಿಚಾರಣೆ ನಡೆದು ರೇಷ್ಮೆಗೆ ರಕ್ಷಣಾಸುಂಕ ದೊರೆತದ್ದು 1934ರಲ್ಲಿ. ಯೋಕೊಹಾಮದಲ್ಲಿ ಗೊತ್ತಾದ ಬೆಲೆ ಕುಣಿಗಲಿನ ಹಳ್ಳಿಯ ಚಂದ್ರಿಕೆಯನ್ನು ಬರಿದುಮಾಡಿದ ಈ ಪ್ರಸಂಗವು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದುದು.

ಹಗೇವಿನಲ್ಲಿ ಕಾಳಿದೆ, ಕೈಯಲ್ಲಿ ಕಾಸಿಲ್ಲ: ಇದು ಕ್ಷಾಮಕ್ಕೆ ತಲೆಕೆಳಗಾದ ಸ್ಥಿತಿ. ಆಡಳಿತದ ಪರಿಭಾಷೆಯಲ್ಲಿ ಇದಕ್ಕೆ ಹೆಸರಿರಲಿಲ್ಲ. ಬೆಳೆ ಎಷ್ಟಾಣೆ ಬಂದಿತೆಂದು ನೋಡಿ ಕಂದಾಯ ವಜಾ ಮಾಡುವ ರೂಢಿ ಇದ್ದಿತೇ ಹೊರತು, ಬಂದ ಬೆಳೆಗೆ ಬೆಲೆ ಎಷ್ಟೆಂದು ನೋಡುವ ರೂಢಿ ಇರಲಿಲ್ಲ. ಶಾನುಭೋಗನ ಲೆಕ್ಕದಲ್ಲಿ ಬೆಳೆ ಆಗಿದೆ. ಅಮಲ್ದಾರನು ಕಿಸ್ತು ಕೇಳುವುದು ಕ್ರಮವೇ. ಸರ್ಕಾರವು ಏನೂ ಮಾಡಲಿಲ್ಲವೆನ್ನುವುದು ಅನ್ಯಾಯವಾದೀತು. 1929ರಲ್ಲಿ ಭೂ ಅಡಮಾನ ಬ್ಯಾಂಕು ಸ್ಥಾಪಿತವಾಯಿತು. ಕೆಲವು ರಿಯಾಯಿತಿಗಳೂ ದೊರೆತವು. ಆದರೆ ಮಿರ್ಜಾ ಇಸ್ಮಾಯಿಲರ ಆಡಳಿತದ ಹೆಮ್ಮೆಯ ಕಾರ್ಯಗಳಾದ ಇರ್ವಿನ್ ನಾಲೆ ಮತ್ತು ಸಕ್ಕರೆ ಕಾರ್ಖಾನೆಗಳ ಫಲ ಮಂಡ್ಯದ ಕಡೆಗೆ ಹರಿಯಿತು. ಅಡಮಾನವಿಡಲು ಭೂಮಿಯೇ ಇಲ್ಲದವನಿಗೆ ಬ್ಯಾಂಕಿನಿಂದ ಆಗುವುದೇನು?

ದೂರು ಹೇಳಿಕೊಳ್ಳಲು ಒಂದು ವೇದಿಕೆ ಇದ್ದೇ ಇತ್ತು. ರಂಗಾಚಾರ್ಲು ಅವರು 1881ರಲ್ಲಿ ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆ ಇಡೀ ಭಾರತದಲ್ಲಿ ಸಂಸ್ಥಾನಕ್ಕೆ ಕೀರ್ತಿ ತಂದಿತ್ತು. 1923ರ ಶಾಸನದಿಂದ ಅದಕ್ಕೆ ಕಾನೂನಿನ ಆಧಾರವೂ ದೊರೆತಿತ್ತು. ಆದರೆ ಸಭೆಯ ಅಧ್ಯಕ್ಷರು ದಿವಾನರೇ. ದಿವಾನರನ್ನು ನೇಮಿಸುವವರು ಮಹಾರಾಜರು. ತಾಲ್ಲೂಕಿನ ಪ್ರತಿನಿಧಿ ದಸರೆಗೆ ಮೈಸೂರಿಗೆ ಹೋಗಿ ಅಹವಾಲು ಹೇಳಬಹುದು, ಗೊತ್ತುವಳಿ ತರಬಹುದು. ಆದರೆ ಸರ್ಕಾರವನ್ನು ಇಳಿಸಲಾರನು. ಒಳ್ಳೆಯ ಕಾಲದಲ್ಲಿ ಗೌರವವೆನಿಸಿದ ಈ ಪಾತ್ರ ಕೆಟ್ಟ ಕಾಲದಲ್ಲಿ ಅವನನ್ನು ಊರಿನವರ ಮುಂದೆ ಇಕ್ಕಟ್ಟಿಗೆ ಸಿಕ್ಕಿಸಿತು. ಸಭೆಯ ಮೇಲಿನ ಬೇಸರಕ್ಕೆ ಪ್ರತಿನಿಧಿಗಳ ಅಸಾಮರ್ಥ್ಯಕ್ಕಿಂತ ಈ ರಚನೆಯೇ ಹೆಚ್ಚು ಕಾರಣವೆಂದು ನಮ್ಮ ಅಭಿಪ್ರಾಯ.

ಆ ವರೆಗೆ ಸಂಸ್ಥಾನದ ಕಾಂಗ್ರೆಸು ಬಹುಮಟ್ಟಿಗೆ ಪಟ್ಟಣದ ವಕೀಲರ ಮತ್ತು ವಿದ್ಯಾವಂತರ ಪಕ್ಷ. ಗ್ರಾಮಾಂತರದ ಒಕ್ಕಲಿಗ, ಲಿಂಗಾಯತ ಭೂಹಿಡುವಳಿದಾರರು ಬೇರೆ ಪಕ್ಷಗಳಲ್ಲಿದ್ದರು. 1937ರಲ್ಲಿ ಪ್ರಜಾಸಂಯುಕ್ತ ಪಕ್ಷವು ಕಾಂಗ್ರೆಸಿನಲ್ಲಿ ಸೇರಿದಾಗ ಪಟ್ಟಣದ ಜವಾಬ್ದಾರಿ ಸರ್ಕಾರದ ಬೇಡಿಕೆಯೂ ಹಳ್ಳಿಯ ಕಂದಾಯದ ದೂರೂ ಒಂದೇ ಧ್ವನಿಯಾದವು. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಕುಣಿಗಲಿನಿಂದ ದಕ್ಷಿಣಕ್ಕೆ ಹೋಗುವ ರಸ್ತೆ ಸೇರುವುದು ಆ ಮದ್ದೂರನ್ನೇ. ಅದೇ ತಿಂಗಳ 25ರಂದು ಜಿಲ್ಲೆಯ ಈಶಾನ್ಯದ ಗಡಿಯಾಚೆ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಗೋಲೀಬಾರಾಯಿತು. ಸತ್ತವರ ಸಂಖ್ಯೆಯ ವಿಷಯದಲ್ಲಿ ಸರ್ಕಾರದ ಹೇಳಿಕೆಗೂ ಜನರ ಹೇಳಿಕೆಗೂ ಇದ್ದ ಅಂತರವೇ ಆಗಿನ ಅಪನಂಬಿಕೆಯನ್ನು ತೋರಿಸುತ್ತದೆ.

ಧಾರಣೆ ಇಳಿದುದರಿಂದಲೇ ಧ್ವಜ ಏರಿತೆಂದು ನಾವು ಹೇಳುತ್ತಿಲ್ಲ. 1938ರ ವೇಳೆಗೆ ಬೆಲೆಗಳು ಸ್ವಲ್ಪ ಚೇತರಿಸಿಕೊಂಡಿದ್ದವು. ಆದರೆ ಸಾಲ ಉಳಿದಿತ್ತು. ಅಹವಾಲಿನ ಮೇಲಿನ ನಂಬಿಕೆ ಹಿಂದಿರುಗಲಿಲ್ಲ. ಇನ್ನು ಕೂಲಿಯವರ, ಜೀತದಾಳುಗಳ ಮಾತು. ಕಂದಾಯ, ಆಸ್ತಿ, ವಿದ್ಯೆಗಳ ಅರ್ಹತೆಯ ಮೇಲೆ ನಿಂತ ಮತದಾನದಲ್ಲಿ ಅವರಿಗೆ ಸ್ಥಾನವಿರಲಿಲ್ಲ. ರಾಗಿ ಅಗ್ಗವಾಗಿದ್ದರೂ ಅದನ್ನು ಕೊಳ್ಳುವ ಕೂಲಿ ಅವರಿಗೆ ತಪ್ಪಿತು. ಕಾಫಿಯ ಬೆಲೆಯೂ ಕುಸಿದಿದ್ದರಿಂದ ಮಲೆನಾಡಿನ ತೋಟಗಳಲ್ಲಿಯೂ ಕೆಲಸ ಕಡಮೆಯಾಗಿತ್ತು. ಪ್ರಜಾಪ್ರತಿನಿಧಿ ಸಭೆಗೆ ಅಹವಾಲು ಒಯ್ಯುವವರು ಯಾರೂ ಇವರ ಮತ ಕೇಳಿ ಬಂದವರಲ್ಲ. ಇವರ ಹೆಸರುಗಳು ಮತದಾರರ ಪಟ್ಟಿಯನ್ನು ಸೇರಿದ್ದು 1951–52ರ ಸಾರ್ವತ್ರಿಕ ಚುನಾವಣೆಯಲ್ಲಿ.